ಐದನೆಯ ಕಪ್ಪಿನ ನೀರು

ಮಗಳು ವೃಂದಾ ತಂದಿಟ್ಟ ಹೊಸ ಕಾಫಿ ಯಂತ್ರದ ಜೊತೆಗೆ ಒಂದು ಸಣ್ಣ ಪುಸ್ತಿಕೆ ಬಂದಿತ್ತು. ಯಂತ್ರವನ್ನು ಮುಟ್ಟುವ ಮೊದಲು ಜಯತೀರ್ಥ ಪಡಸಾಲೆಯ ಕಿಟಕಿಯ ಬಳಿ ಕೂತು, ಕನ್ನಡಕ ಏರಿಸಿ, ಆ ಪುಸ್ತಿಕೆಯನ್ನು ಮೊದಲ ಪುಟದಿಂದ ಓದಿದ. ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ದುಡಿದವನಿಗೆ ಅಷ್ಟು ಇಂಗ್ಲಿಷು ಸಾಕು. ನೀರಿನ ಟಾಕಿ ಒಂದೂಕಾಲು ಲೀಟರ್, ಬಾಯ್ಲರ್ ನೂರೈವತ್ತು ಮಿಲಿಲೀಟರ್ ಎಂದಿತ್ತು. ಅಚ್ಚಿನ ತಪ್ಪಿರಬೇಕು ಎಂದುಕೊಂಡು ಮತ್ತೊಮ್ಮೆ ಓದಿದ. ನೂರೈವತ್ತೇ.

ನೂರೈವತ್ತು ಮಿಲಿಲೀಟರ್ ಅಂದರೆ ಮನೆಯ ದೇವರಿಗೆ ಅಭಿಷೇಕ ಮಾಡುವ ಶಂಖದಲ್ಲಿ ಹಿಡಿಯುವಷ್ಟು ನೀರು. ಅದನ್ನು ಬಾಯ್ಲರ್ ಎಂದು ಕರೆಯುವವರ ಧೈರ್ಯಕ್ಕೆ ಅವನು ತಲೆದೂಗಿದ. ಅವನು ಕಂಡ ಬಾಯ್ಲರಿನೊಳಗೆ ಆಳುಗಳು ಇಳಿದು ನಿಂತು ಕೆಲಸ ಮಾಡುತ್ತಿದ್ದರು. ಅದಕ್ಕೆ ನೀರು ಕೊಡಲು ಹಿಂದೆ ಜೋಡಿಸಿದ ಟೆಂಡರ್ ಎಂಬ ನೀರಿನ ಬಂಡಿಯಲ್ಲಿ ಐದು ಸಾವಿರ ಗ್ಯಾಲನ್ ಇರುತ್ತಿತ್ತು.

"ಇದರಾಗ ಗ್ಲಾಸ್ ಎಲ್ಲದವ್ವಾ?" ಎಂದು ಕೇಳಿದ.

ವೃಂದಾ ಚಿತ್ತಾಪುರದ ಶಾಲೆಯಲ್ಲಿ ಟೀಚರು. ದಡ್ಡ ಮಕ್ಕಳಿಗೆ ಹೇಳುವ ತಾಳ್ಮೆಯಲ್ಲೇ ಅಪ್ಪನಿಗೂ ಹೇಳಿದಳು. ಗ್ಲಾಸಿನಲ್ಲಿ ನೀರಿನ ಮಟ್ಟ ನೋಡುವ ಕಾಲ ಹೋಯಿತು, ನೀರು ಮುಗಿದರೆ ಕೆಂಪು ದೀಪ ತಾನೇ ಹತ್ತುತ್ತದೆ, ನೀರು ಸರಿಯಾಗಿದ್ದರೆ ಹಸಿರು. ಜಯತೀರ್ಥ ಹೂಂ ಅಂದ. ದೀಪ ಹೇಳುತ್ತದೆ, ಸರಿ. ಆದರೆ ನೋಡಿದೆಯಾ ಎಂದು ಕೇಳುವವರು ಯಾರು? ಇದನ್ನು ಮಗಳಿಗೆ ವಿವರಿಸಬೇಕೆಂದರೆ ಹದಿನೇಳು ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟು ದೂರ ಅವಳಿಗೆ ಪುರುಸೊತ್ತಿರಲಿಲ್ಲ. ಮೂರು ಗಂಟೆಯ ಗಾಡಿಗೆ ಕರೀಮ್ ಸಾಹೇಬರು ಬರುವವರಿದ್ದರು, ಅವಳಿಗೆ ಹಾಲು ಕಾಯಿಸುವುದಿತ್ತು.

ಅಬ್ದುಲ್ ಕರೀಮ್ ಸಾಹೇಬರು ವಾಡಿ ಲೋಕೋ ಶೆಡ್ಡಿನಲ್ಲಿ ಡ್ರೈವರಾಗಿದ್ದವರು. ಜಯತೀರ್ಥ ಅವರ ಕೈಕೆಳಗೆ ಹನ್ನೊಂದು ವರ್ಷ ಫೈರ್‌ಮನ್ ಆಗಿದ್ದ. ಉಗಿ ಬಂಡಿಯಲ್ಲಿ ಡ್ರೈವರನದು ಹಳಿಯ ಮೇಲೆ ಕಣ್ಣು, ಫೈರ್‌ಮನ್ನನದು ಬೆಂಕಿ ಮತ್ತು ನೀರಿನ ಮೇಲೆ ಕಣ್ಣು. ಬಾಯ್ಲರಿನ ಎರಡು ಪಕ್ಕಕ್ಕೂ ಒಂದೊಂದು ಗಾಜಿನ ಕೊಳವೆ ನಿಂತಿರುತ್ತಿತ್ತು. ಒಳಗೆ ನೀರು ಎಷ್ಟಿದೆಯೋ ಗಾಜಿನಲ್ಲಿ ಅಷ್ಟೇ ಕಾಣುತ್ತಿತ್ತು. ನೀರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಒಲೆಯ ಮೇಲಿನ ತಗಡು ಕೆಂಪಾಗಿ ಇಂಜಿನ್ನೇ ಸಿಡಿಯಬಹುದು. ಅದಕ್ಕೇ ಆ ತಗಡಿನಲ್ಲಿ ಸೀಸ ತುಂಬಿದ ಬಿರಡೆ ಇಟ್ಟಿರುತ್ತಿದ್ದರು. ನೀರಿಲ್ಲದೆ ಕಾದಾಗ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಬೆಂಕಿ ಸಾಯುತ್ತಿತ್ತು. ಜೀವ ಉಳಿಯುತ್ತಿತ್ತು, ಮಾನ ಉಳಿಯುತ್ತಿರಲಿಲ್ಲ. ಬಿರಡೆ ಕರಗಿಸಿದವನೆಂದು ಹೆಸರು ಬಿದ್ದರೆ ಸೊಲ್ಲಾಪುರದಿಂದ ರಾಯಚೂರಿನ ತನಕ ಎಲ್ಲ ಶೆಡ್ಡುಗಳಲ್ಲೂ ಅದೇ ಮಾತು.

ಹಾಗಾಗಿ ಪ್ರತಿ ಸ್ಟೇಷನ್ ದಾಟಿದಾಗಲೂ ಕರೀಮ್ ಸಾಹೇಬರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಗ್ಲಾಸ್ ನೋಡಿದಿ?" ಜಯತೀರ್ಥ ಒಂದೇ ಉತ್ತರ ಕೊಡುತ್ತಿದ್ದ: "ನೋಡೀನ್ರಿ, ಉಸ್ತಾದ್." ಹನ್ನೊಂದು ವರ್ಷ ಹೇಳಿದ ಮಾತು, ಸಂಧ್ಯಾವಂದನೆಯ ಮಂತ್ರದಂತೆ, ಮನಸ್ಸು ಎಲ್ಲಿದ್ದರೂ ಬಾಯಿ ತಾನೇ ಹೇಳಿಬಿಡುತ್ತಿತ್ತು.

ಇಂಜಿನ್ನಿನ ಮೇಲೆ ಇಬ್ಬರ ಸಂಸಾರ ಚೆನ್ನಾಗಿತ್ತು. ಒಲೆಯ ಬಾಗಿಲ ಮೇಲಿನ ಕಬ್ಬಿಣದ ಹಲಗೆಯಲ್ಲಿ ಸಾಹೇಬರ ಚಹದ ಡಬ್ಬಿ ಒಂದು ಕಡೆ, ಜಯತೀರ್ಥನ ಕಾಫಿಯ ತಂಬಿಗೆ ಇನ್ನೊಂದು ಕಡೆ ಬಿಸಿಯಾಗುತ್ತಿದ್ದವು. ಬೆಂಕಿ ಒಂದೇ, ಪಾತ್ರೆ ಎರಡು. ಮಾಧ್ವರ ಮನೆಯ ಹುಡುಗ ತಮ್ಮ ಡಬ್ಬಿಯ ಚಹ ಕುಡಿಯಲಿ ಎಂದು ಸಾಹೇಬರು ಕೇಳಲಿಲ್ಲ. ಇವನೂ ತನ್ನ ತಂಬಿಗೆ ಮುಂದೆ ಮಾಡಲಿಲ್ಲ. ಅದರಿಂದ ಇಬ್ಬರಿಗೂ ಏನೂ ಕಡಿಮೆಯಾದಂತೆ ಆಗ ಅನಿಸಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತರ ಏಪ್ರಿಲ್ ತಿಂಗಳು. ರಂಜಾನ್ ನಡೆದಿತ್ತು, ಸಾಹೇಬರಿಗೆ ರೋಜಾ. ಅದೇ ದಿನ ಏಕಾದಶಿ ಬಂತು, ಜಯತೀರ್ಥನಿಗೆ ನಿರಾಹಾರ, ಹನಿ ನೀರೂ ಇಲ್ಲ. ವಾಡಿಯಿಂದ ರಾಯಚೂರಿಗೆ ಗೂಡ್ಸ್ ಗಾಡಿ. ಮಧ್ಯಾಹ್ನದ ಬಿಸಿಲು ಹೊರಗೆ, ಒಲೆ ಒಳಗೆ. ಹಾಸುಗಲ್ಲಿನ ಸೀಮೆಯ ಬಿಸಿಲೆಂದರೆ ಮೇಲಿನಿಂದ ಅರ್ಧ, ನೆಲದಿಂದ ಅರ್ಧ. ಒಬ್ಬರ ವ್ರತ ಇನ್ನೊಬ್ಬರಿಗೆ ಗೊತ್ತು. ಅದಕ್ಕೇ ಇಬ್ಬರೂ ಮಾತು ಉಳಿಸಿದ್ದರು. ನಾಲವಾರ ಸ್ಟೇಷನ್ ಇನ್ನೂ ಎರಡು ಮೈಲಿ ಇದ್ದಾಗ ಸಾಹೇಬರು ಒಣ ಗಂಟಲಿನಿಂದ ಅದೇ ಪ್ರಶ್ನೆ ಕೇಳಿದರು. ಜಯತೀರ್ಥ ಕಲ್ಲಿದ್ದಲಿನ ಸಲಿಕೆಗೆ ಆತುಕೊಂಡು, ಕಣ್ಣು ಮುಚ್ಚಿಕೊಂಡೇ, ನೋಡೀನ್ರಿ ಎಂದ.

ನೋಡಿರಲಿಲ್ಲ. ಹತ್ತು ನಿಮಿಷಕ್ಕೆ ಬಿರಡೆ ಕರಗಿತು. ಉಗಿ ಬೊಬ್ಬಿರಿದು ಬೆಂಕಿ ಸತ್ತು ಗಾಡಿ ಬಯಲಿನಲ್ಲಿ ನಿಂತಿತು. ಆ ದಿನ ಇಂಜಿನ್ನಿನ ಮೇಲೆ ನೀರು ಕುಡಿಯಬೇಕಾದದ್ದು ಇಂಜಿನ್ ಒಂದೇ ಇತ್ತು, ಅದಕ್ಕೂ ಉಪವಾಸ ಮಾಡಿಸಿದಂತಾಯಿತು. ಬೇರೆ ಇಂಜಿನ್ ಬಂದು ಎಳೆಯುವವರೆಗೆ ಮೂರು ಗಂಟೆ ಇಬ್ಬರೂ ಒಂದು ಬೇವಿನ ನೆರಳಿನಲ್ಲಿ ಕೂತಿದ್ದರು. ಸಾಹೇಬರು ಒಂದು ಮಾತೂ ಬೈಯಲಿಲ್ಲ.

ವಿಚಾರಣೆಯ ಕಾಗದದಲ್ಲಿ ಅವರು ನೀರಿನ ಮಟ್ಟ ನಾನು ನೋಡಲಿಲ್ಲ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದರು. ಜಯತೀರ್ಥನನ್ನು ಕೇಳಿದಾಗ, ಡ್ರೈವರ್ ಸಾಹೇಬರು ಹೇಳಿದಂತೆಯೇ ಎಂದುಬಿಟ್ಟ. ಆ ಒಂದು ವಾಕ್ಯಕ್ಕೆ ಅವನು ಜನ್ಮವಿಡೀ ತನ್ನನ್ನು ಬೈದುಕೊಂಡ. ಉಪವಾಸದಿಂದ ಬಾಯಿ ಒಣಗಿತ್ತು ಎಂದು ಒಂದು ದಿನ ಹೇಳಬಹುದು. ವಿಚಾರಣೆ ನಡೆದದ್ದು ಮೂರು ವಾರದ ಮೇಲೆ, ಹೊಟ್ಟೆತುಂಬ ಉಂಡ ದಿನ.

ಸಾಹೇಬರ ಹೆಸರು ಪ್ಯಾಸೆಂಜರ್ ಗಾಡಿಗೆ ಬಡ್ತಿ ಪಡೆಯಲಿರುವ ಡ್ರೈವರುಗಳ ಪಟ್ಟಿಯಲ್ಲಿತ್ತು, ಹೊಡೆದುಹಾಕಿದರು. ಮರುವರ್ಷ ಅವರು ಗೂಡ್ಸ್ ಡ್ರೈವರಾಗಿಯೇ ರಿಟೈರಾಗಿ ಶಹಾಬಾದಿನ ತಮ್ಮ ಮನೆ ಸೇರಿದರು. ಹೆಂಡತಿ ಅಮೀರ್ಬೀಗೆ ಅವರು ಮದುವೆಯಾದ ಹೊಸತರಲ್ಲೇ ಒಂದು ಮಾತು ಕೊಟ್ಟಿದ್ದರು: ಒಂದು ದಿನ ನಾನೇ ಓಡಿಸುವ ಗಾಡಿಯಲ್ಲಿ ನಿನ್ನನ್ನು ಹೈದರಾಬಾದಿಗೆ ಕರೆದೊಯ್ಯುತ್ತೇನೆ ಎಂದು. ಗೂಡ್ಸ್ ಗಾಡಿಯಲ್ಲಿ ಹೆಂಡತಿಯನ್ನು ಎಲ್ಲಿ ಕೂಡಿಸುವುದು? ಈ ಮಾತು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಜಯತೀರ್ಥನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ವಾಡಿಗೂ ಶಹಾಬಾದಿಗೂ ಗಾಡಿಯಲ್ಲಿ ಕಾಲು ಗಂಟೆಯ ದಾರಿ. ಆದರೂ ಸಾಹೇಬರ ಮನೆಯ ಹೊಸ್ತಿಲನ್ನು ಅವನು ನಾಲ್ಕು ವರ್ಷ ತುಳಿಯಲಿಲ್ಲ. ಆವತ್ತು ನಾನು ಸುಳ್ಳು ಹೇಳಿದೆ ಎಂಬ ಒಂದು ಮಾತು ಸಾಹೇಬರ ಮುಂದೆ ಆಡಬೇಕಿತ್ತು, ಅದನ್ನು ಆಡದೆ ಅವರ ಮುಖ ನೋಡುವುದು ಆಗದು. ನೋಡದೆ ಆಡುವುದು ಹೇಗೆ?

ಅಷ್ಟರಲ್ಲಿ ಉಗಿ ಬಂಡಿಗಳ ಕಾಲವೂ ಮುಗಿಯಿತು. ಶೆಡ್ಡು ತಣ್ಣಗಾಯಿತು. ಜಯತೀರ್ಥನನ್ನು ಸ್ಟೇಷನ್ನಿನ ಪಂಪ್‌ಹೌಸಿಗೆ ಹಾಕಿದರು. ಗುಂಡಿ ಒತ್ತಿದರೆ ನೀರು ಏರುತ್ತಿತ್ತು, ಮತ್ತೆ ಒತ್ತಿದರೆ ನಿಲ್ಲುತ್ತಿತ್ತು. ಉಗಿಯ ದನಿಗೆ ಒಗ್ಗಿದ್ದ ಅವನ ಕಿವಿಗೆ ಕೆಲಸವೇ ಇಲ್ಲದಾಯಿತು. ಹೀಗಿರುವಾಗ ಸೇಡಂನಲ್ಲಿ ಹೆಂಡತಿ ಪದ್ಮಜಾಳ ಅಣ್ಣನ ಮಗಳ ಮದುವೆ. ಚಹದ ಸೀಮೆಯಲ್ಲಿ ಹೊಸ ಷೋಕಿಯೆಂದು ಹೈದರಾಬಾದಿನಿಂದ ಎಸ್ಪ್ರೆಸೊ ಕಾಫಿಯ ಯಂತ್ರ ತರಿಸಿದ್ದರು. ಪೀಪಾಯಿಯಂಥ ಹಂಡೆ, ಕೆಳಗೆ ಗ್ಯಾಸಿನ ಒಲೆ, ಪಕ್ಕದಲ್ಲಿ ಕೊಳವೆ. ಕೊಳವೆಯನ್ನು ಹಾಲಿಗೆ ಇಳಿಸಿದಾಗ ಬಂದ ಆ ಬುಸುಗುಡುವ ದನಿ ಕೇಳಿ ಜಯತೀರ್ಥ ತಿಂಡಿಯ ಪಂಕ್ತಿಯಿಂದ ಎದ್ದೇ ಬಂದ. ಅಕ್ಷತೆ ಹಾಕಲು ಅವನನ್ನು ಹುಡುಕಿ ಸುಸ್ತಾದರು. ನಾಲ್ಕು ಗಂಟೆ ಆ ಯಂತ್ರದ ಪಕ್ಕ ನಿಂತಿದ್ದವನು ಒಂದು ಕಪ್ಪೂ ಕುಡಿಯಲಿಲ್ಲ, ಉಗಿಯ ದನಿ ಕೇಳುತ್ತ ನಿಂತಿದ್ದ. ಅವನಿಗೆ ಅಳು ಬಂದಿತ್ತು. ಕಣ್ಣಿಗೆ ಹೊಗೆ ಹೋಯಿತು ಎಂದ, ಗ್ಯಾಸಿನ ಒಲೆಗೆ ಹೊಗೆಯಿಲ್ಲ ಎಂದು ಪದ್ಮಜಾ ನೆನಪಿಸಿದಳು.

ಮರುವಾರವೇ ಶಹಾಬಾದಿನ ನಾಗೇಂದ್ರಪ್ಪನ ಅಂಗಡಿಯಲ್ಲಿ ಹಾಜರು. ಸಾಹೇಬರ ಓಣಿ ತಪ್ಪಿಸಿ, ಸುತ್ತು ಹಾಕಿ ಹೋದ. ನಾಗೇಂದ್ರಪ್ಪ ಹಿತ್ತಾಳೆ ಬೆಸೆಯುವುದರಲ್ಲಿ ಕೈ ಪಳಗಿದವನು, ಮಾತಿನಲ್ಲಿ ಅದಕ್ಕಿಂತ ಪಳಗಿದವನು. ಮನೆಗೆ ಕಾಫಿ ಯಂತ್ರವೇ ಎಂದು ನಕ್ಕು, ಎಷ್ಟು ಮಂದಿಗೆ ಎಂದು ಕೇಳಿದ. ಮನೆಯಲ್ಲಿ ತಾಯಿ ಪದ್ಮಾಬಾಯಿ, ಹೆಂಡತಿ, ಮಗಳು, ತಾನು; ನಾಲ್ಕು ಜನ. ಜಯತೀರ್ಥ ಐದು ಎಂದ.

ಬಾಯ್ಲರಿನ ಅಳತೆಯ ಮೇಲೆ ಇಬ್ಬರೂ ಎರಡು ತಿಂಗಳು ಜಗಳಾಡಿದರು. ದೊಡ್ಡದು ಮಾಡಿದರೆ ಉಗಿ ಏಳುವಷ್ಟರಲ್ಲಿ ಬಂದವರು ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ಸಣ್ಣದು ಮಾಡಿದರೆ ಮೂರನೇ ಕಪ್ಪಿಗೆ ಉಸಿರು ಬಿಡುತ್ತದೆ, ತಣಿಸಿ ಮತ್ತೆ ತುಂಬಬೇಕು. ಒಂದು ಲೀಟರಿನ ಬಾಯ್ಲರ್ ಮಾಡಿ ಮುಕ್ಕಾಲು ಲೀಟರ್ ಮಾತ್ರ ತುಂಬುವುದು, ಉಳಿದ ಕಾಲು ಉಗಿಗೆ ಬಿಡುವುದು ಎಂದು ಕೊನೆಗೆ ತೀರ್ಮಾನವಾಯಿತು. ಅನ್ನಕ್ಕಾದರೂ ಕುದಿಯಲು ಜಾಗ ಬೇಕಲ್ಲವೇ? ಅದರ ಮೇಲೆ ಎರಡೂವರೆ ಲೀಟರಿನ ಟಾಕಿ, ನಡುವೆ ಒಂದು ನಲ್ಲಿ. ಒಲೆ ಹಚ್ಚುವ ಮೊದಲು ನಲ್ಲಿ ತಿರುವಿ ಟಾಕಿಯಿಂದ ಬಾಯ್ಲರ್ ತುಂಬಿ, ನಲ್ಲಿ ಮುಚ್ಚಬೇಕು. ಉಗಿಯ ಒತ್ತಡಕ್ಕೆ ಬಿಸಿನೀರು ಜರಡಿಯ ಕಾಫಿಪುಡಿಯನ್ನು ಹಾಯ್ದು ಕೆಳಗಿಳಿಯುತ್ತದೆ, ಇನ್ನೊಂದು ಕೊಳವೆ ಹಾಲನ್ನು ನೊರೆಯೆಬ್ಬಿಸುತ್ತದೆ. ಪಕ್ಕಕ್ಕೆ ಬೆರಳುದ್ದದ ಗಾಜು. ತಳಕ್ಕೆ, ನಾಗೇಂದ್ರಪ್ಪ ಎಷ್ಟು ನಕ್ಕರೂ ಬಿಡದೆ, ಸೀಸದ ಬಿರಡೆ.

ಮನೆಯಲ್ಲಿ ಯಂತ್ರ ಬುಸುಗುಡತೊಡಗಿತು. ಪ್ರತಿ ಭಾನುವಾರ ಐದು ಕಪ್ಪಿನ ನೀರು, ಕುಡಿಯುವವರು ನಾಲ್ವರು. ಐದನೆಯದು ಯಾರದೆಂದು ಪದ್ಮಜಾ ಕೇಳಿದಳು, ಬರೋರು ಹೋಗೋರದು ಎಂದ. ಭಾನುವಾರ ಯಾರೂ ಬರುತ್ತಿರಲಿಲ್ಲ. ಆರಿದ ಆ ಕಾಫಿಯನ್ನು ಕೊನೆಗೆ ಅವನೇ ಕುಡಿಯುತ್ತಿದ್ದ. ಪದ್ಮಾಬಾಯಿ ಅಡುಗೆಮನೆಯ ಹೊಸ್ತಿಲಿನಿಂದ ಇದೆಲ್ಲ ನೋಡುತ್ತಿದ್ದರು. ಮಡಿಯ ಮುದುಕಿ, ಕಣ್ಣು ಚುರುಕು, ಏನೂ ಕೇಳಲಿಲ್ಲ.

ತೊಂಬತ್ತೈದರ ದಸರಾ ಆದಮೇಲೆ ಒಂದು ದಿನ ತಪ್ಪಿಸಿಕೊಳ್ಳಲು ಓಣಿಯೇ ಸಿಗಲಿಲ್ಲ. ಶಹಾಬಾದ್ ಪ್ಲಾಟ್‌ಫಾರಮ್ಮಿನ ಮೇಲೆ ಸಾಹೇಬರು ಎದುರಿಗೇ ನಿಂತಿದ್ದರು. ಗಡ್ಡ ಬೆಳ್ಳಗಾಗಿತ್ತು. ಇಡೀ ವಾಡಿಗೆ ನೀರು ಕೊಡುತ್ತೀಯಂತೆ, ನಮಗೊಂದು ಕಪ್ಪು ಚಹ ಕೊಡಲಿಲ್ಲವಲ್ಲ ಎಂದು ಛೇಡಿಸಿದರು. ಜಯತೀರ್ಥನ ಬಾಯಿಂದ ದೀಪಾವಳಿ ಅಮಾವಾಸ್ಯೆಯ ದಿನ ಮಧ್ಯಾಹ್ನ ಮನೆಗೆ ಬರ್ರಿ ಎಂಬ ಮಾತು ಹೊರಬಿತ್ತು. ಮನೆಗೆ ಬಂದು ಪಂಚಾಂಗ ನೋಡಿದರೆ ಆ ದಿನವೇ ಸೂರ್ಯಗ್ರಹಣ. ಗ್ರಹಣದ ದಿನ ಅತಿಥಿಯನ್ನು ಕರೆದ ಮಗನನ್ನು ಪದ್ಮಾಬಾಯಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಬೆಳಗಿನ ಹತ್ತರೊಳಗೆ ಬಿಡುತ್ತದೆ ಎಂದು ಅವನು ಸಮಾಧಾನ ಹೇಳಿದ.

ಹಿಂದಿನ ಸಂಜೆಯೇ ಯಂತ್ರ ತಿಕ್ಕಿ, ಟಾಕಿ ತುಂಬಿ, ಬಾಯ್ಲರಿಗೂ ನೀರು ಇಳಿಸಿ, ಗಾಜಿನಲ್ಲಿ ಮಟ್ಟ ನೋಡಿ ಇಟ್ಟ. ಬೆಳಿಗ್ಗೆ ಆರಕ್ಕೆ ಪಂಪ್‌ಹೌಸಿನ ಡ್ಯೂಟಿಗೆ ಹೋದ. ಗ್ರಹಣ ಹಿಡಿಯುವ ಮೊದಲು ಪದ್ಮಾಬಾಯಿ ಹಾಲಿಗೆ, ಮೊಸರಿಗೆ, ಉಪ್ಪಿನಕಾಯಿಗೆ, ದೇವರ ಕೋಣೆಯ ನೀರಿಗೆ ದರ್ಭೆ ಹಾಕಿದರು. ದರ್ಭೆ ಬಿದ್ದದ್ದು ಉಳಿಯಿತು. ಗ್ರಹಣ ಬಿಟ್ಟು ಮನೆಯಲ್ಲಿದ್ದವರ ಸ್ನಾನವಾದ ಮೇಲೆ, ದರ್ಭೆಯಿಲ್ಲದ ನೀರನ್ನೆಲ್ಲ ಪದ್ಮಾಬಾಯಿ ಚೆಲ್ಲಿದರು. ಹಂಡೆ ಬರಿದಾಯಿತು, ಕೊಡ ಬರಿದಾಯಿತು, ಕಾಫಿ ಯಂತ್ರದ ಟಾಕಿ, ಬಾಯ್ಲರು ಎರಡೂ ಬರಿದಾದವು. ಹಂಡೆಗೂ ಕೊಡಕ್ಕೂ ಹೊಸ ನೀರು ಬಂತು. ಯಂತ್ರವನ್ನು ಒರೆಸಿ ಥಳಥಳ ಮಾಡಿ ಮುಚ್ಚಳ ಮುಚ್ಚಿಟ್ಟರು, ಅದಕ್ಕೆ ನೀರು ತುಂಬುವುದು ಗಂಡಸಿನ ಕೆಲಸವೆಂದು ಬಿಟ್ಟರು. ಇದನ್ನು ಜಯತೀರ್ಥನಿಗೆ ಯಾರೂ ಹೇಳಲಿಲ್ಲ. ಗ್ರಹಣದ ನೀರು ಚೆಲ್ಲುವುದು ಆ ಮನೆಯಲ್ಲಿ ಹುಟ್ಟಿದವನಿಗೆ ಹೇಳಬೇಕೇ?

ಮಧ್ಯಾಹ್ನ ಜಯತೀರ್ಥ ಡ್ಯೂಟಿ ಮುಗಿಸಿ ಬಂದ ಬೆನ್ನಿಗೇ ಸಾಹೇಬರು ಒಂದು ಚೀಲ ಸೀತಾಫಲದೊಡನೆ ಬಂದರು. ಹಣ್ಣಿಗೆ ಮಡಿ ಮೈಲಿಗೆಯಿಲ್ಲ ಎಂದು ತಿಳಿದೇ ತಂದಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ, ಕುಂದ್ರಿ ಎಂದು ಉಪಚರಿಸಿ, ಯಂತ್ರವನ್ನು ಅವರೆದುರಿಗೇ ತಂದಿಟ್ಟು ಜಯತೀರ್ಥ ಸ್ಟೋವ್ ಹಚ್ಚಿದ. ಟಾಕಿ ಎಷ್ಟು, ಬಾಯ್ಲರ್ ಎಷ್ಟು, ಬಿರಡೆ ಎಲ್ಲಿದೆ ಎಂದು ಹೇಳುತ್ತಲೇ ಹೋದ. ಒಳಗೆ ಬೇರೆಯೇ ಮಾತು ತಿರುಗುತ್ತಿತ್ತು: ಮೊದಲ ಕಪ್ಪು ಕೈಗೆ ಕೊಟ್ಟು ಹೇಳಲೇ, ಕುಡಿದ ಮೇಲೆ ಹೇಳಲೇ? ಸಾಹೇಬರು ತಲೆ ಓರೆ ಮಾಡಿ ಯಂತ್ರಕ್ಕೆ ಕಿವಿಗೊಟ್ಟಿದ್ದರು. ನೀರಿರುವ ಬಾಯ್ಲರ್ ಕಾಯುವ ಮೊದಲು ಸಣ್ಣಗೆ ಹಾಡುತ್ತದೆ. ಇದು ಹಾಡುತ್ತಿರಲಿಲ್ಲ.

"ಗ್ಲಾಸ್ ನೋಡಿದಿ?" ಎಂದರು.

ಜಯತೀರ್ಥನ ಬಾಯಿ ಹಳೆಯ ಉತ್ತರಕ್ಕೆ ತೆರೆದೇ ಬಿಟ್ಟಿತ್ತು. ಅರ್ಧಕ್ಕೆ ನಿಂತಿತು. ಬಗ್ಗಿ ನೋಡಿದ. ಗಾಜಿನಲ್ಲಿ ಹನಿ ನೀರಿರಲಿಲ್ಲ. ಸ್ಟೋವ್ ಆರಿಸುವಷ್ಟರಲ್ಲಿ ಕಾದ ಹಿತ್ತಾಳೆಯ ವಾಸನೆ ಪಡಸಾಲೆ ತುಂಬಿತು. ಗಾಬರಿಯಲ್ಲಿ ಅವನು ನೀರಿನ ತಂಬಿಗೆಗೆ ಕೈ ಹಾಕಿದ.

"ಥಂಡ ನೀರು ಹಾಕಬ್ಯಾಡ," ಎಂದರು ಸಾಹೇಬರು. "ಸೀಳತದ. ತಾನೇ ಆರಲಿ, ಕುಂದ್ರು."

ಕೂತ. ಯಂತ್ರ ಆರಲು ಅರ್ಧ ಗಂಟೆ ಬೇಕಿತ್ತು. ನಾಲವಾರದ ಬೇವಿನ ಕೆಳಗೆ ಮೂರು ಗಂಟೆ ಆಡದ ಮಾತು ಈಗ ಆಡದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಅವನಿಗೆ ಸ್ಪಷ್ಟವಾಯಿತು.

"ನೋಡಿಲ್ರಿ, ಉಸ್ತಾದ್," ಎಂದ. "ಆವತ್ತೂ ನೋಡಿದ್ದಿಲ್ಲ. ನೋಡೀನಿ ಅಂತ ಸುಳ್ಳು ಹೇಳಿದೆ. ನೀವು ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ, ನಾ ಸುಮ್ನ ನಿಂತೆ."

ಸಾಹೇಬರು ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟರು.

"ನಾ ಯಾಕ ಕೇಳ್ತಿದ್ದೆ ನಿನಗ?" ಎಂದರು. "ನನ್ನ ಬಾಜೂಕೂ ಒಂದು ಗ್ಲಾಸ್ ಇತ್ತಲ್ಲ. ಆವತ್ತು ಕುತ್ತಿಗಿ ತಿರುಗಿಸಿ ನೋಡಲಿಕ್ಕ ನನಗೂ ತಾಕತ್ ಇದ್ದಿಲ್ಲ. ನಾ ನೋಡಿಲ್ಲ ಅಂತ ಬರದೆ. ಖರೇನೇ ಬರದೀನಿ."

ಜಯತೀರ್ಥ ಪ್ಯಾಸೆಂಜರ್ ಗಾಡಿಯ ಮಾತೆತ್ತಿದ, ಅಮೀರ್ಬೀ ಅವರಿಗೆ ಕೊಟ್ಟ ಮಾತನ್ನೂ ನೆನಪಿಸಿದ. ಸಾಹೇಬರು ನಕ್ಕರು. ಅಮೀರ್ಬೀ ಹೈದರಾಬಾದು ನೋಡಿ ಆಗಿದೆಯಂತೆ, ಬೇರೆ ಯಾರೋ ಓಡಿಸಿದ ಗಾಡಿಯಲ್ಲಿ, ತಾಂಡೂರು ದಾಟುವ ಮೊದಲೇ ನಿದ್ದೆ ಹೊಡೆದಳಂತೆ. ನಾನು ಓಡಿಸಿದ್ದರೂ ಅಷ್ಟೇ ನಿದ್ದೆ ಎಂದರು. ನಗು ಮುಗಿದ ಮೇಲೆ ಅವರು ಕಿಟಕಿಯ ಕಡೆ ತಿರುಗಿದ್ದನ್ನು ಜಯತೀರ್ಥ ನೋಡಿದ.

ಇಪ್ಪತ್ತೆರಡು ವರ್ಷ ಇಂಜಿನ್ ಓಡಿಸಿದ ಮನುಷ್ಯ, ಮೊಣಕೈಯ ಬಳಿಯೇ ಇದ್ದ ಗ್ಲಾಸನ್ನು ಆ ಒಂದು ದಿನ ಮಾತ್ರ ನೋಡಲಿಲ್ಲವೇ? ಅದು ನಿಜವೋ, ಎರಡನೆಯ ಸಲವೂ ತಪ್ಪನ್ನು ತನ್ನ ಮೇಲೆ ಎಳೆದುಕೊಂಡದ್ದೋ ಜಯತೀರ್ಥನಿಗೆ ಇವತ್ತಿಗೂ ತಿಳಿದಿಲ್ಲ. ಕೇಳಲೂ ಇಲ್ಲ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು; ಎದೆಯ ಮೇಲಿನ ಹಾಸುಗಲ್ಲು ಐದು ವರ್ಷದ ಮೇಲೆ ಸರಿದಿತ್ತು.

ಒಳಗಿನಿಂದ ಪದ್ಮಾಬಾಯಿ ಹೊಸ ನೀರಿನ ತಾಮ್ರದ ಕೊಡ ಹಿಡಿದು ಹೊಸ್ತಿಲಿಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. ಪಡಸಾಲೆಗೆ ಇಳಿಯಲಿಲ್ಲ, ಅಲ್ಲೇ ನಿಂತು ಮಗನಿಗೆ ಹೇಳಿದರು.

"ನೀರು ಚೆಲ್ಲಿದಾಕಿ ನಾನು. ಐದನೇ ಕಪ್ಪು ಯಾರದು ಅಂತ ನೀ ಮೊದಲೇ ಹೇಳಿದ್ರ, ಅದಕ್ಕೂ ದರ್ಭೆ ಹಾಕಿ ಇಡ್ತಿದ್ದೆ."

ಆ ಕೊಡದ ನೀರಿನಿಂದ ಟಾಕಿ ತುಂಬಿತು, ಬಾಯ್ಲರ್ ತುಂಬಿತು. ಈ ಸಲ ಗಾಜನ್ನು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಯಂತ್ರ ಹಾಡಿತು, ಬುಸುಗುಟ್ಟಿತು, ಐದು ಕಪ್ಪು ಕೊಟ್ಟಿತು. ಮೊದಲನೆಯದು ಸಾಹೇಬರಿಗೆ. ಒಂದೇ ಬೆಂಕಿಯಲ್ಲಿ, ಒಂದೇ ಪಾತ್ರೆಯಲ್ಲಿ ಆದದ್ದನ್ನು ಅವರಿಬ್ಬರೂ ಕುಡಿದದ್ದು ಅದೇ ಮೊದಲು. ಪದ್ಮಾಬಾಯಿ ಒಂದು ದಿನಕ್ಕೆ ಬದಲಾಗುವ ಹೆಂಗಸಲ್ಲ. ಸಾಹೇಬರ ಲೋಟವನ್ನು ಅವರು ಬದುಕಿರುವವರೆಗೂ ಕಿಟಕಿಯ ಗೂಡಿನಲ್ಲಿ ಬೇರೆಯೇ ಇಟ್ಟರು. ಅದು ಜಯತೀರ್ಥನಿಗೆ ಚುಚ್ಚುತ್ತಿತ್ತು, ಆದರೂ ಆ ಮುದುಕಿಯ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅಲ್ಲಿಂದ ಮುಂದೆ ಬಂದ ಒಂದು ಗ್ರಹಣದಲ್ಲೂ ಕಾಫಿ ಯಂತ್ರದ ಟಾಕಿಗೆ ದರ್ಭೆ ಹಾಕುವುದನ್ನು ಅವರು ಮರೆಯಲಿಲ್ಲ.

ಪದ್ಮಾಬಾಯಿ ತೀರಿಕೊಂಡು ಐದು ವರ್ಷವಾಯಿತು. ಸಾಹೇಬರ ಲೋಟ ಈಗ ಎಲ್ಲ ಲೋಟಗಳ ಜೊತೆಗಿದೆ. ಈ ಸೀಮೆಯ ಸುಣ್ಣದ ನೀರು ಬಾಯ್ಲರಿನ ಒಳಗೆ ಪದರ ಪದರವಾಗಿ ಕಟ್ಟಿ, ಮುಕ್ಕಾಲು ಲೀಟರ್ ಹಿಡಿಯುತ್ತಿದ್ದದ್ದು ಅರ್ಧ ಲೀಟರಿಗೆ ಇಳಿದು, ಹೋದ ವರ್ಷ ತಳವೇ ಸೋರತೊಡಗಿತು. ನಾಗೇಂದ್ರಪ್ಪನ ಕಣ್ಣು ಮಂಜಾಗಿ ಅಂಗಡಿ ಮುಚ್ಚಿತ್ತು. ಅಪ್ಪ ಭಾನುವಾರ ಸಪ್ಪೆ ಮೋರೆ ಹಾಕುವುದನ್ನು ನೋಡಲಾರದೆ ವೃಂದಾ ಈ ಹೊಸ ಯಂತ್ರ ತಂದಿದ್ದಳು.

ಮೂರು ಗಂಟೆಯ ಗಾಡಿಗೆ ಸಾಹೇಬರು ಬಂದರು. ಎಪ್ಪತ್ತನಾಲ್ಕಾಗಿತ್ತು, ಕೋಲೂರಿಕೊಂಡು ಮೆಲ್ಲಗೆ ಬಂದು ತಮ್ಮ ಜಾಗದಲ್ಲಿ ಕೂತರು. ವೃಂದಾ ಟಾಕಿಗೆ ನೀರು ಹಾಕಿದ್ದಾಗಿ ಹೇಳಿ, ಸ್ವಿಚ್ ಹಾಕಿ ಹಾಲು ತರಲು ಒಳಗೆ ಹೋದಳು. ಹಸಿರು ದೀಪ ಹತ್ತಿತು. ಶಂಖದಷ್ಟು ಬಾಯ್ಲರ್ ಎಲ್ಲೋ ಒಳಗೆ ಕಾಯುತ್ತಿತ್ತು, ಸದ್ದಿಲ್ಲ. ಸಾಹೇಬರು ತಲೆ ಓರೆ ಮಾಡಿದರು. ಅವರ ಕಿವಿ ಈಗ ಮಂದ, ಹಾಡಿದರೂ ಕೇಳುತ್ತಿರಲಿಲ್ಲ.

"ಗ್ಲಾಸ್ ನೋಡಿದಿ?"

ಜಯತೀರ್ಥ ಎದ್ದ. ಹಸಿರು ದೀಪದ ಕಡೆ ನೋಡಲಿಲ್ಲ. ಟಾಕಿಯ ಮುಚ್ಚಳ ತೆಗೆದು, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ಒಳಗೆ ನೋಡಿದ. ಸಾಲದೆಂದು ಬೆರಳು ಇಳಿಸಿದ. ಬೆರಳಿನ ಎರಡು ಗೆಣ್ಣು ತಣ್ಣಗಾಯಿತು.

"ನೋಡೀನ್ರಿ, ಉಸ್ತಾದ್," ಎಂದ.